ಬ್ಲಫ್‌ನಿಂದ ಬ್ಲೂಟೂತ್‌ವರೆಗೆ: ಕಿವಿಗಿಂತ ಮೊದಲು ಕೇಳೋದು ಹೆಸರು

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಈ ಸಂಚಿಕೆಯನ್ನ ನೀವು ಹೆಡ್‌ಫೋನ್‌ನಲ್ಲೋ ಇಯರ್‌ಬಡ್‌ನಲ್ಲೋ ಕೇಳ್ತಿದ್ರೆ ಒಂದು ಕ್ಷಣ ಅದನ್ನ ಕಿವಿಯಿಂದ ತೆಗೆದು ನೋಡಿ. ಅದರ ಮೇಲೆ ಒಂದು ಹೆಸರು ಇರುತ್ತೆ. ಆ ಹೆಸರಿಗೆ ಎಷ್ಟು ದುಡ್ಡು ಕೊಟ್ರಿ, ಸದ್ದಿಗೆ ಎಷ್ಟು ಕೊಟ್ರಿ? ಇವತ್ತಿನ ಮಾತು ಇಷ್ಟೇ. ಆದ್ರೆ ಇದಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಅದನ್ನ ನಾನು ಮಂಡ್ಯ ಜಿಲ್ಲೆಯ ಒಂದು ಊರಿನಿಂದ ಶುರು ಮಾಡ್ತೀನಿ.

ಊರು ಶಿವನಸಮುದ್ರ, ಮಳವಳ್ಳಿ ತಾಲ್ಲೂಕು. ಹೆಸರಲ್ಲಿ ಸಮುದ್ರ ಇದೆ, ಅಲ್ಲಿರೋದು ಕಾವೇರಿ. ನದಿ ಎರಡಾಗಿ ಒಡೆದು ಒಂದು ಕಡೆ ಗಗನಚುಕ್ಕಿ, ಇನ್ನೊಂದು ಕಡೆ ಭರಚುಕ್ಕಿ ಆಗಿ ಧುಮುಕುತ್ತೆ. ಆ ಊರಿಗೆ ಇನ್ನೊಂದು ಹೆಸರೂ ಇದೆ. ಮಳವಳ್ಳಿ ಕಡೆ ಶಿವನಸಮುದ್ರ ಅನ್ನೋರ ಜೊತೆಗೆ ‘ಬ್ಲಫ್’ ಅನ್ನೋರೂ ಸಿಗ್ತಾರೆ. ಇಂಗ್ಲಿಷ್‌ನಲ್ಲಿ ಬ್ಲಫ್ ಅಂದ್ರೆ ಕಡಿದಾದ ಬಂಡೆಯಂಚು. ಬ್ಲಫ್ ಅಂದ್ರೆ ಇಲ್ಲದ್ದನ್ನ ಇದೆ ಅಂತ ತೋರಿಸೋದು ಕೂಡ. ಊರಿನ ಹೆಸರಿಗೆ ಸಂಬಂಧಪಟ್ಟಿರೋದು ಮೊದಲನೇ ಅರ್ಥ. ನಮ್ಮ ಇವತ್ತಿನ ವಿಷಯಕ್ಕೆ ಎರಡನೇ ಅರ್ಥವೂ ಬೇಕು.

ಅಶ್ವಶಕ್ತಿ ಲೆಕ್ಕದಲ್ಲಿ ಮಾರಿದ ಕರೆಂಟು

1902ರ ಜೂನ್ 30ರಂದು ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ದೂರ ಸುಮಾರು 147 ಕಿಲೋಮೀಟರ್. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಯೋಜನೆಯ ಹಿಂದೆ ಇದ್ದೋರು ದಿವಾನ್ ಕೆ. ಶೇಷಾದ್ರಿ ಅಯ್ಯರ್, ಕಟ್ಟಿಸಿದೋರು ಎಂಜಿನಿಯರ್ ಎ.ಜೆ. ಡಿ ಲಾಟ್‌ಬಿನಿಯೆರ್. ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡ್ರು, ದೀಪ ಹತ್ತಿದ್ದನ್ನ ಅವರು ನೋಡಲಿಲ್ಲ. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದದ್ದೂ ಇದೇ ನೀರಿನಿಂದ.

ಈಗ ನೆಟ್‌ನಲ್ಲಿ ಶಿವನಸಮುದ್ರ ಅಂತ ಹುಡುಕಿ. ‘ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ’ ಅನ್ನೋ ಸಾಲು ಹತ್ತಾರು ಕಡೆ ಸಿಗುತ್ತೆ. ನಾವೆಲ್ಲ ಜನರಲ್ ನಾಲೆಡ್ಜ್ ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಸಾಲು. ಆದ್ರೆ ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೊಂಗ್ ಕೇಂದ್ರ 1897ರಲ್ಲೇ ಶುರುವಾಗಿತ್ತು. ಜಪಾನಿನ ಕ್ಯೋಟೋದಲ್ಲಿ ಕೆಯಾಗೆ ಕೇಂದ್ರ ಅದಕ್ಕೂ ಮೊದಲು, 1891ರಲ್ಲಿ.

ಹಾಗಂದ್ರೆ ನಮ್ಮ ಶಿವನಸಮುದ್ರ ಚಿಕ್ಕದಾಯ್ತಾ? ಖಂಡಿತ ಇಲ್ಲ. ಸಿದ್ರಾಪೊಂಗ್ 130 ಕಿಲೋವ್ಯಾಟ್‌ನ ಪುಟ್ಟ ಘಟಕ, ಪಕ್ಕದ ಊರಿಗೆ ದೀಪ ಕೊಡ್ತಿತ್ತು. ಶಿವನಸಮುದ್ರ ಶುರುವಿನಲ್ಲೇ 4 ಸಾವಿರ ಕಿಲೋವ್ಯಾಟ್‌ಗೂ ಹೆಚ್ಚಿನದು, ಕಾಡುಮೇಡು ದಾಟಿ ಇನ್ನೊಂದು ಜಿಲ್ಲೆಯ ಗಣಿಯ ಯಂತ್ರ ತಿರುಗಿಸ್ತು. ಅದರ ನಿಜವಾದ ದೊಡ್ಡಸ್ತಿಕೆ ಈ ದೂರ ಮತ್ತು ಈ ಗಾತ್ರ. ಜನರ ನೆನಪಲ್ಲಿ ಉಳಿದದ್ದು ಮಾತ್ರ ‘ಮೊದಲ’ ಅನ್ನೋ ಲೇಬಲ್ಲು. ಗುಣ ನಿಜವಾಗಿ ಇದ್ದಾಗಲೂ ನಾವು ಹಿಡ್ಕೊಳ್ಳೋದು ಲೇಬಲ್ಲನ್ನೇ.

ಇದರಲ್ಲೇ ಇನ್ನೊಂದು ಸಂಗತಿ ಇದೆ. ಗಣಿ ಕಂಪನಿಗಳು ಈ ಕರೆಂಟನ್ನ ಹೇಗೆ ಕೊಂಡ್ವು ಗೊತ್ತಾ? ಹೆಸರು ನೋಡಿ ಅಲ್ಲ. ಒಂದು ಅಶ್ವಶಕ್ತಿಗೆ ವರ್ಷಕ್ಕೆ ಇಷ್ಟು ದರ ಅಂತ ಕರಾರಾಗಿತ್ತು. ಎಷ್ಟು ಬಂತೋ ಅಷ್ಟಕ್ಕೆ ದುಡ್ಡು. ಆ ಗಣಿಯಿಂದ ಬರ್ತಿದ್ದ ಚಿನ್ನದ ಕಥೆಯೂ ಹಾಗೇ. ಚಿನ್ನವನ್ನ ಒರೆಗೆ ಹಚ್ಚಿ ನೋಡ್ತಾರೆ. ಅಕ್ಕಸಾಲಿಗರ ಕೈಲಿ ಒರೆಗಲ್ಲು ಇರೋವರೆಗೆ ಹಿತ್ತಾಳೆಗೆ ಚಿನ್ನದ ಹೆಸರಿಟ್ಟು ಮಾರೋದು ಕಷ್ಟ.

ಇವತ್ತಿನ ಸಂಚಿಕೆಯ ಮುಖ್ಯ ಮಾತು ಇದೇ: ಅಳತೆ ನಮ್ಮ ಕೈಲಿದ್ರೆ ಹೆಸರು ಚಿಕ್ಕದಾಗುತ್ತೆ. ಅಳತೆ ಕೈತಪ್ಪಿದ ಕಡೆಯೆಲ್ಲ ಹೆಸರು ದೊಡ್ಡದಾಗುತ್ತೆ. ಹೆಸರು ದೊಡ್ಡದಾದ ಕಡೆ ನಕಲಿ ಹುಟ್ಟುತ್ತೆ.

‘ಮಾರ್ಕು’ ಬಂದದ್ದು ಹೇಗೆ

ನಮ್ಮ ಅಜ್ಜಂದಿರ ಕಾಲದಲ್ಲಿ ಬ್ರ್ಯಾಂಡ್ ಅನ್ನೋ ಪದ ಇರಲಿಲ್ಲ, ‘ಮಾರ್ಕು’ ಇತ್ತು. ಅಂಗಡಿಗೆ ಹೋದ್ರೆ ಇಂಥ ಮಾರ್ಕಿನದು ಕೊಡಿ ಅಂತ ಕೇಳೋರು. ಯಾಕೆ ಮಾರ್ಕು? ಓದೋಕೆ ಬಾರದೋರೂ ಚಿತ್ರ ಗುರುತು ಹಿಡೀತಿದ್ರು. ಮ್ಯಾಂಚೆಸ್ಟರ್‌ನಿಂದ ಬರ್ತಿದ್ದ ಬಟ್ಟೆಯ ಥಾನುಗಳ ಮೇಲೆ ದೇವರು, ಆನೆ, ಹುಲಿ, ರಾಜರ ಬಣ್ಣದ ಚಿತ್ರ ಅಂಟಿಸಿ ಕಳಿಸ್ತಿದ್ರು. ಕೊಳ್ಳೋರಿಗೆ ಗಿರಣಿಯ ಹೆಸರು ಬೇಕಿರಲಿಲ್ಲ, ಹೋದ ಸಲದ್ದೇ ಚಿತ್ರ ಇದ್ರೆ ಸಾಕು. ಅಂದ್ರೆ ಮಾರ್ಕು ಮೊದಲು ಬಂದದ್ದು ಭರವಸೆಯಾಗಿ: ‘ಹಿಂದಿನ ಸಲ ಕೊಟ್ಟದ್ದನ್ನೇ ಈ ಸಲವೂ ಕೊಡ್ತೀನಿ’.

ಚಿತ್ರವನ್ನ ನಂಬಿದ ಮೇಲೆ ಚಿತ್ರ ಕದಿಯೋರು ಬರಲೇಬೇಕಲ್ಲ? ಬ್ರಿಟನ್‌ನಲ್ಲಿ 1887ರಲ್ಲಿ ಸರಕು ಗುರುತಿನ ಕಾಯ್ದೆ ಬಂತು. ಹೊರದೇಶದ ಮಾಲಿನ ಮೇಲೆ ಬ್ರಿಟಿಷ್ ಹೆಸರು ಹಾಕಿ ಮಾರೋದನ್ನ ತಡೆಯೋದು ಅದರ ಒಂದು ಉದ್ದೇಶ. ಜರ್ಮನಿಯ ಮಾಲಿನ ಮೇಲೆ ‘ಮೇಡ್ ಇನ್ ಜರ್ಮನಿ’ ಅಂತ ಬರೆಯೋ ಹಾಗಾಯ್ತು. ಅವಮಾನ ಆಗಲಿ ಅಂತ ಬರೆಸಿದ ಆ ಮೂರು ಪದ ಕೆಲವೇ ದಶಕಗಳಲ್ಲಿ ಗಟ್ಟಿ ಮಾಲಿನ ಗುರುತಾಗಿಬಿಡ್ತು! ಲೇಬಲ್ಲಿನ ಅರ್ಥ ಬರೆಸಿದೋರ ಕೈಲೂ ಇರಲ್ಲ ನೋಡಿ. ಅದೇ ಜಾಡಿನಲ್ಲಿ ಭಾರತಕ್ಕೆ 1889ರಲ್ಲಿ ಸರಕು ಗುರುತಿನ ಕಾಯ್ದೆ ಬಂತು. ಆಮೇಲೆ 1940, 1958ರ ಕಾಯ್ದೆಗಳು, ಕೊನೆಗೆ ಈಗ ಜಾರಿಯಲ್ಲಿರೋ 1999ರ ಟ್ರೇಡ್‌ಮಾರ್ಕ್ ಕಾಯ್ದೆ.

ನಮ್ಮ ರಾಜ್ಯದಲ್ಲೇ ಗುಣದಿಂದ ಹೆಸರು ಗಳಿಸಿದ ಉದಾಹರಣೆ ಬೇಕಾ? ಮೈಸೂರ್ ಸ್ಯಾಂಡಲ್ ಸೋಪು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ವಿಶ್ವೇಶ್ವರಯ್ಯನವರ ಕಾಲದಲ್ಲಿ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ, ಅದರ ಬೆನ್ನಿಗೇ ಸೋಪು. ಎಸ್.ಜಿ. ಶಾಸ್ತ್ರಿ ಅವರು ಇಂಗ್ಲೆಂಡಿಗೆ ಹೋಗಿ ಕಲಿತು ಬಂದು ಮಾಡಿದ್ದರಿಂದ ಜನ ಅವರನ್ನ ‘ಸೋಪ್ ಶಾಸ್ತ್ರಿ’ ಅಂತಲೇ ಕರೆದ್ರು. ಒಳಗೆ ನಿಜವಾದ ಗಂಧದೆಣ್ಣೆ, ಹೊರಗೆ ಶರಭದ ಚಿಹ್ನೆ. ಇದಕ್ಕೂ ನಕಲಿ ತಪ್ಪಲಿಲ್ಲ. 2024ರ ಜನವರಿಯಲ್ಲಿ ಹೈದರಾಬಾದ್‌ನಲ್ಲಿ ಸುಮಾರು 2 ಕೋಟಿ ರೂಪಾಯಿ ಮೌಲ್ಯದ ನಕಲಿ ಮೈಸೂರ್ ಸ್ಯಾಂಡಲ್ ಮಾಲು ಸಿಕ್ಕಿಬಿತ್ತು.

ಆದ್ರೂ ಸೋಪಿಗೆ ಒಂದು ಅನುಕೂಲ ಇದೆ. ವರ್ಷಾನುಗಟ್ಟಲೆ ಬಳಸಿದ ಮನೆಯಲ್ಲಿ ಅಜ್ಜಿ ಮೂಸಿ ನೋಡಿ ‘ಇದು ಅದಲ್ಲ’ ಅಂದುಬಿಡ್ತಾರೆ. ಮೂಗು ಅಲ್ಲಿ ಒರೆಗಲ್ಲು. ಹೆಡ್‌ಫೋನ್ ವಿಷಯದಲ್ಲಿ ಕಿವಿ ಒರೆಗಲ್ಲು ಆಗಬೇಕಿತ್ತು. ಆಗಿದೆಯಾ?

ಬಣ್ಣ ಬಳಿದ ಚಿತ್ರ

ಸದ್ದಿನ ವ್ಯಾಪಾರದಲ್ಲಿ ಜಗತ್ತಿನ ಅತಿ ಪ್ರಸಿದ್ಧ ಗುರುತು ಯಾವುದು? ಗ್ರಾಮಫೋನಿನ ಕೊಂಬಿನ ಮುಂದೆ ತಲೆ ವಾಲಿಸಿ ಕೂತ ನಾಯಿ. ಎಚ್‌ಎಂವಿ. ಆ ಚಿತ್ರ ಬರೆದದ್ದು ಫ್ರಾನ್ಸಿಸ್ ಬರೋ ಅನ್ನೋ ಇಂಗ್ಲಿಷ್ ಕಲಾವಿದ, ನಾಯಿಯ ಹೆಸರು ನಿಪ್ಪರ್. ಮೊದಲು ಬರೆದಾಗ ನಾಯಿಯ ಮುಂದೆ ಇದ್ದದ್ದು ಗ್ರಾಮಫೋನ್ ಅಲ್ಲ. ಎಡಿಸನ್ ಕಂಪನಿಯ ಫೋನೋಗ್ರಾಫ್, ಅಂದ್ರೆ ಉರುಳೆ ಮೇಲೆ ಹಾಡೋ ಯಂತ್ರ. 1899ರಲ್ಲಿ ಗ್ರಾಮಫೋನ್ ಕಂಪನಿ ಚಿತ್ರ ಕೊಳ್ಳೋಕೆ ಒಪ್ಪಿತು, ಒಂದು ಷರತ್ತಿನ ಮೇಲೆ: ಆ ಯಂತ್ರ ಅಳಿಸಿ ನಮ್ಮ ಯಂತ್ರ ಬರೀಬೇಕು. ಬರೋ ಹಾಗೇ ಮಾಡಿದರು. ಹಳೆಯ ಯಂತ್ರದ ಮೇಲೆ ಹೊಸ ಯಂತ್ರದ ಬಣ್ಣ ಕೂತಿತು.

ಆ ನಾಯಿ ಕೇಳಿಸಿಕೊಳ್ತಿದ್ದದ್ದು ಎದುರಾಳಿ ಕಂಪನಿಯ ಸದ್ದು. ಚಿತ್ರ ಮಾರಿದ್ದು ಈ ಕಂಪನಿಯ ಸದ್ದನ್ನ. ಮುಂದಿನ ನೂರು ವರ್ಷ ಅದನ್ನ ನೋಡಿದ ಯಾರಿಗೂ ವ್ಯತ್ಯಾಸ ಬೇಕಾಗಲಿಲ್ಲ. ಇಲ್ಲಿ ಮೋಸ ಏನೂ ಇಲ್ಲ, ದುಡ್ಡು ಕೊಟ್ಟೇ ಕೊಂಡಿದ್ದು. ಆದ್ರೆ ಸದ್ದನ್ನ ಕಣ್ಣಿಗೆ ಮಾರಬಹುದು ಅನ್ನೋ ಪಾಠ ಅಲ್ಲೇ ಸಿಕ್ತು.

1980ರ ದಶಕದಲ್ಲಿ ಕ್ಯಾಸೆಟ್ಟು ಬಂದಾಗ ನಕಲಿಗೆ ಬಾಗಿಲು ಪೂರ್ತಿ ತೆರೀತು. ಗ್ರಾಮಫೋನ್ ತಟ್ಟೆ ಅಚ್ಚು ಹಾಕೋಕೆ ಕಾರ್ಖಾನೆ ಬೇಕು, ಕ್ಯಾಸೆಟ್ ನಕಲು ಮಾಡೋಕೆ ಎರಡು ಡೆಕ್ ಸಾಕು. ಹೊದಿಕೆಯ ಕಾಗದವನ್ನ ಹಾಗೇ ಅಚ್ಚು ಹಾಕಿಸಿ ಒಳಗೆ ಸವೆದ ಸದ್ದು ತುಂಬಿಸಿ ಮಾರೋ ದಂಧೆ ದೇಶದ ತುಂಬ ನಡೀತು. 1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು, ಧ್ವನಿಮುದ್ರಿಕೆಯ ಮೇಲೆ ಮಾಡಿದೋರ ಹೆಸರು, ವಿಳಾಸ, ವರ್ಷ ಇರಲೇಬೇಕು ಅಂತ 52ಎ ಕಲಮು ಸೇರಿಸಿದ್ರು. ಲೇಬಲ್ಲಿನ ಕಾಯಿಲೆಗೆ ಇನ್ನೂ ಒಂದು ಲೇಬಲ್ಲೇ ಮದ್ದು!

ಕಿವಿಯಲ್ಲಿದ್ದದ್ದು ಕಣ್ಣಿಗೆ ಬಂದ ಕಥೆ

ಈಗ ಹೆಡ್‌ಫೋನಿಗೆ ಬರೋಣ. ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್‌ವಿನ್ ಅನ್ನೋರು 1910ರ ಹೊತ್ತಿಗೆ ಮನೆಯ ಅಡುಗೆಕೋಣೆಯಲ್ಲಿ ಹೆಡ್‌ಫೋನ್ ಮಾಡ್ತಿದ್ರು. ಹೆಸರಿಲ್ಲ, ಜಾಹೀರಾತಿಲ್ಲ. ನೌಕಾಪಡೆಗೆ ಕಳಿಸಿದ್ರು. ಅವರು ಪರೀಕ್ಷೆ ಮಾಡಿ ನೋಡಿದ್ರು, ಇದ್ದದ್ದಕ್ಕಿಂತ ಚೆನ್ನಾಗಿತ್ತು, ಆರ್ಡರ್ ಕೊಟ್ರು. ಕೋಲಾರದ ಗಣಿಯವರು ಕರೆಂಟು ಕೊಂಡ ಹಾಗೆ, ಅಳತೆ ಮೊದಲು, ಹೆಸರು ಆಮೇಲೆ.

1958ರಲ್ಲಿ ಜಾನ್ ಕಾಸ್ ಹಾಡು ಕೇಳೋಕೆ ಅಂತಲೇ ಸ್ಟೀರಿಯೊ ಹೆಡ್‌ಫೋನ್ ತಂದ್ರು. ಆಗಲೂ ಅದು ಮನೆಯೊಳಗಿನ ವಸ್ತು, ಬೇರೆಯವರ ಕಣ್ಣಿಗೆ ಬೀಳ್ತಿರಲಿಲ್ಲ. 1979ರ ಜುಲೈನಲ್ಲಿ ಸೋನಿ ವಾಕ್‌ಮನ್ ಬಂತು, ಹೆಡ್‌ಫೋನ್ ಬೀದಿಗಿಳಿಯಿತು. 2001ರಲ್ಲಿ ಐಪಾಡ್ ಬಂತು, ಬಿಳಿ ವೈರು. ಜೇಬಿನೊಳಗಿನ ಯಂತ್ರ ಕಾಣಲ್ಲ, ವೈರು ಮಾತ್ರ ಕಾಣುತ್ತೆ. ಜಾಹೀರಾತಿನಲ್ಲೂ ಕಪ್ಪು ನೆರಳಿನ ಮೇಲೆ ಬಿಳಿ ವೈರನ್ನೇ ತೋರಿಸಿದ್ರು. 2008ರ ಹೊತ್ತಿಗೆ ಬೀಟ್ಸ್ ಬಂತು, ಕಿವಿಯ ಮೇಲೆ ದೊಡ್ಡದಾಗಿ ಒಂದು ಅಕ್ಷರ. 2014ರಲ್ಲಿ ಆ ಕಂಪನಿಯನ್ನ ಆಪಲ್ 300 ಕೋಟಿ ಡಾಲರ್‌ಗೆ ಕೊಂಡ್ಕೊಳ್ತು. 2016ರಲ್ಲಿ ಏರ್‌ಪಾಡ್ಸ್ ಬಂದ ಮೇಲೆ ಅಕ್ಷರವೂ ಬೇಡವಾಯ್ತು, ಕಿವಿಯಿಂದ ಇಳಿಬಿದ್ದ ಬಿಳಿ ಕಡ್ಡಿಯೇ ಗುರುತಾಯ್ತು.

ಆಕಾರವೇ ಹೆಸರಾದ್ರೆ ಏನಾಗುತ್ತೆ ಅನ್ನೋಕೆ ಒಂದು ಘಟನೆ ಹೇಳ್ತೀನಿ. 2020ರಲ್ಲಿ ನ್ಯೂಯಾರ್ಕ್‌ನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನೋರು 2,000 ‘ನಕಲಿ ಏರ್‌ಪಾಡ್ಸ್’ ಹಿಡಿದ್ವಿ ಅಂತ ಹೆಮ್ಮೆಯಿಂದ ಫೋಟೊ ಹಾಕಿದ್ರು. ಫೋಟೊ ನೋಡಿದ ಜನ ಬಿದ್ದೂ ಬಿದ್ದೂ ನಕ್ರು, ಯಾಕಂದ್ರೆ ಡಬ್ಬದ ಮೇಲೆ ಒನ್‌ಪ್ಲಸ್ ಬಡ್ಸ್ ಅಂತ ಸ್ಪಷ್ಟವಾಗಿ ಬರೆದಿತ್ತು. ಅದು ಇನ್ನೊಂದು ಕಂಪನಿಯ ಅಸಲಿ ಮಾಲು! ಕಸ್ಟಮ್ಸ್‌ನೋರು ಹಿಂದೆ ಸರೀಲಿಲ್ಲ. ಆಕಾರಕ್ಕೂ ಟ್ರೇಡ್‌ಮಾರ್ಕ್ ರಕ್ಷಣೆ ಇದೆ, ಅದಕ್ಕೇ ಹಿಡಿದ್ವಿ ಅಂತ ಸಮಜಾಯಿಷಿ ಕೊಟ್ರು. ಅಸಲಿ ಯಾವುದು, ನಕಲಿ ಯಾವುದು ಅನ್ನೋ ಈ ಇಡೀ ಗಲಾಟೆಯಲ್ಲಿ ಯಾರೂ ಅದನ್ನ ಕಿವಿಗೆ ಹಾಕಿ ಕೇಳಲಿಲ್ಲ ಅನ್ನೋದನ್ನ ಗಮನಿಸಿ.

‘ಫಸ್ಟ್ ಕಾಪಿ ಕಣಪ್ಪ’

ಗಗನಚುಕ್ಕಿಗೆ ನೀರು ಬಂದ ದಿನಗಳಲ್ಲಿ ಜನ ಜಾತ್ರೆ ಥರ ಸೇರ್ತಾರೆ. ಜನ ಇದ್ದ ಕಡೆ ಪಾಪ್‌ಕಾರ್ನು, ಮುಸುಕಿನ ಜೋಳ, ಕೂಲಿಂಗ್ ಗ್ಲಾಸು, ಇಯರ್‌ಬಡ್ಡು. ಅಂಥ ಒಂದು ಕಡೆ ಕಾಲೇಜು ಹುಡುಗ ಒಬ್ಬ, ತಳ್ಳುಗಾಡಿಯೋರ ಜೊತೆ ಮಾತಾಡ್ತಿದ್ದದ್ದು ನನ್ನ ಕಿವಿಗೆ ಬಿತ್ತು.

‘ಅಣ್ಣಾ, ಒರಿಜಿನಲ್ಲಾ ಇದು?’

‘ಐನೂರು ರೂಪಾಯ್ಗೆ ಒರಿಜಿನಲ್ ಎಲ್ಲಪ್ಪ ಬತ್ತದೆ? ಫಸ್ಟ್ ಕಾಪಿ ಕಣಪ್ಪ.’

‘ಸೌಂಡ್ ಹೆಂಗದೆ?’

‘ಡಬ್ಬ ನೋಡು, ಲೋಗೊ ನೋಡು. ಯಾರಿಗಾದ್ರೂ ಗೊತ್ತಾಯ್ತದಾ ಹೇಳು?’

ಹುಡುಗ ಕೇಳಿದ್ದು ಸದ್ದಿನ ಬಗ್ಗೆ. ಉತ್ತರ ಬಂದದ್ದು ಲೋಗೊ ಬಗ್ಗೆ. ಹುಡುಗನಿಗೆ ಆ ಉತ್ತರ ಸಾಕಾಯ್ತು.

ಇಲ್ಲಿ ಯಾರು ಯಾರಿಗೆ ಮೋಸ ಮಾಡಿದ್ರು? ಮಾರಿದೋರು ಸುಳ್ಳು ಹೇಳಲಿಲ್ಲ. ಕೊಂಡೋನಿಗೂ ಗೊತ್ತಿತ್ತು. ಗೊತ್ತಿಲ್ಲದೋರು ಅಲ್ಲಿ ಇರಲೇ ಇಲ್ಲ, ಅವರು ಕಾಲೇಜಿನಲ್ಲಿ, ಬಸ್ಸಿನಲ್ಲಿ, ಇನ್‌ಸ್ಟಾಗ್ರಾಮ್‌ನಲ್ಲಿ ಇದಾರೆ. ಅರ್ಥಶಾಸ್ತ್ರಜ್ಞರಾದ ಜೀನ್ ಗ್ರಾಸ್‌ಮನ್ ಮತ್ತು ಕಾರ್ಲ್ ಶಪೀರೊ 1988ರಲ್ಲೇ ಇದನ್ನ ಎರಡು ಬಗೆಯಾಗಿ ಬಿಡಿಸಿ ಬರೆದ್ರು. ಒಂದು, ಕೊಳ್ಳೋರನ್ನೇ ಮೋಸ ಮಾಡೋ ನಕಲಿ. ಇನ್ನೊಂದು, ಗೊತ್ತಿದ್ದೇ ಕೊಳ್ಳೋ ನಕಲಿ. ಎರಡನೆಯದರಲ್ಲಿ ಕೊಳ್ಳೋದು ವಸ್ತುವನ್ನಲ್ಲ, ಆ ಹೆಸರಿಗೆ ಸಿಗೋ ಮರ್ಯಾದೆಯನ್ನ.

ಆ ಹುಡುಗನನ್ನ ನೋಡಿ ನಗೋದು ಸುಲಭ. ಆದ್ರೆ ಹಳ್ಳಿಯಿಂದ ಪೇಟೆಯ ಕಾಲೇಜಿಗೆ ಬಂದೋರಿಗೆ ಕ್ಲಾಸ್‌ರೂಮಿನಲ್ಲಿ ಮೊದಲ ವಾರ ಏನೇನು ಅಳೀತಾರೆ ಅಂತ ಗೊತ್ತಿರುತ್ತೆ: ಶೂ, ಫೋನು, ಕಿವಿಯಲ್ಲಿರೋದು. ಯಾರೂ ‘ನಿನ್ನ ಇಯರ್‌ಬಡ್‌ನಲ್ಲಿ ತಬಲಾ ಹೇಗೆ ಕೇಳುತ್ತೆ’ ಅಂತ ವಿಚಾರಿಸಲ್ಲ. ಅಸಲಿಗೆ ಇಪ್ಪತ್ತು ಸಾವಿರ ಇಲ್ಲದ ಹುಡುಗ ಐನೂರಕ್ಕೆ ಒಂದು ರಕ್ಷೆ ಕೊಂಡ. ಅದು ಅವನ ಲೆಕ್ಕದಲ್ಲಿ ದಡ್ಡತನ ಅಲ್ಲ. ನಷ್ಟ ಬೇರೆ ಕಡೆ ಇದೆ. ಅದಕ್ಕೆ ಆಮೇಲೆ ಬರ್ತೀನಿ.

ಪರದೆ ಎಳೆದು ನೋಡಿದಾಗ

ಸರಿ, ದುಡ್ಡಿರೋರು ಅಸಲಿ ಕೊಳ್ತಾರಲ್ಲ, ಅವರಾದ್ರೂ ಸದ್ದು ಕೇಳಿ ಕೊಳ್ತಾರಾ? 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಅನ್ನೋ ಧ್ವನಿ ತಜ್ಞರು ಒಂದು ಪರೀಕ್ಷೆ ಮಾಡಿದ್ರು. 40 ಜನ ಕೇಳುಗರು, ನಾಲ್ಕು ಸ್ಪೀಕರ್‌ಗಳು. ಒಂದು ಸಲ ಪರದೆ ಹಿಂದೆ ಇಟ್ಟು ಕೇಳಿಸಿದ್ರು, ಇನ್ನೊಂದು ಸಲ ಕಣ್ಣಿಗೆ ಕಾಣೋ ಹಾಗೆ. ಕಣ್ಣಿಗೆ ಕಂಡ ಕೂಡಲೇ ಅಂಕಗಳು ಬದಲಾದ್ವು. ದೊಡ್ಡದಾಗಿ, ದುಬಾರಿಯಾಗಿ ಕಂಡದ್ದರ ಅಂಕ ಮೇಲೆ ಹೋಯ್ತು. ಪರದೆ ಹಿಂದೆ ಚೆನ್ನಾಗಿ ಅಂಕ ಪಡೆದಿದ್ದ ಚಿಕ್ಕ, ಅಗ್ಗದ ಸ್ಪೀಕರ್ ಕಣ್ಣಿಗೆ ಬಿದ್ದಾಗ ಕೆಳಗೆ ಬಿತ್ತು. ಕೇಳುಗರು ಸಾಮಾನ್ಯ ಜನ ಅಲ್ಲ, ಸ್ಪೀಕರ್ ಮಾಡೋ ಹರ್ಮನ್ ಕಂಪನಿಯೋರೇ! ಜೆಬಿಎಲ್ ಅನ್ನೋ ಹೆಸರು ಇರೋದು ಇದೇ ಕಂಪನಿಯ ಕೈಲಿ.

2017ರಲ್ಲಿ ಯೆರೂನ್ ಬ್ರೇಬಾರ್ಟ್ ಅನ್ನೋರು 283 ಹೆಡ್‌ಫೋನ್‌ಗಳ ಅಳತೆಗಳನ್ನ ಬೆಲೆಯ ಪಕ್ಕ ಇಟ್ಟು ನೋಡಿದ್ರು. ತಗ್ಗು ಸ್ವರ, ಎತ್ತರದ ಸ್ವರ ಯಾವುದನ್ನ ಎಷ್ಟು ನುಡಿಸುತ್ತೆ ಅನ್ನೋದಕ್ಕೂ ಬೆಲೆಗೂ ಸಂಬಂಧ ಕಾಣಲಿಲ್ಲ. ಇದರರ್ಥ ಎಲ್ಲ ಹೆಡ್‌ಫೋನೂ ಒಂದೇ ಅಂತಲ್ಲ. ಮೈಕು, ಬಾಳಿಕೆ, ಹೊರಗಿನ ಗದ್ದಲ ತಡೆಯೋ ಶಕ್ತಿ, ಕಿವಿಗೆ ಕೂರೋ ರೀತಿ ಇವೆಲ್ಲ ಆ ಅಳತೆಯಲ್ಲಿ ಬರಲ್ಲ. ಆದ್ರೆ ‘ಜಾಸ್ತಿ ದುಡ್ಡು, ಜಾಸ್ತಿ ಸದ್ದಿನ ಸೊಗಸು’ ಅನ್ನೋ ಸರಳ ಲೆಕ್ಕ ನಿಲ್ಲಲ್ಲ.

ಇದಕ್ಕಿಂತ ಮಜಾ ಇನ್ನೊಂದಿದೆ. 2015ರಲ್ಲಿ ಅಮೆರಿಕದ ಬೋಲ್ಟ್ ಅನ್ನೋ ಸಂಸ್ಥೆಯ ಎಂಜಿನಿಯರ್ ಬೀಟ್ಸ್ ಹೆಡ್‌ಫೋನ್ ಒಂದನ್ನ ಬಿಚ್ಚಿ ನೋಡಿದ್ರು. ಒಳಗೆ ಲೋಹದ ತುಂಡುಗಳು. ಕೆಲಸ ಅಂತ ಹೆಚ್ಚೇನಿಲ್ಲ, ತೂಕ ಬರಲಿ ಅಂತ ಹಾಕಿರಬೇಕು ಅಂತ ಬರೆದ್ರು. ಕೈಗೆ ಭಾರ ಇದ್ರೆ ಗಟ್ಟಿ ಮಾಲು ಅಂತ ನಮಗೆ ಅನ್ಸುತ್ತಲ್ಲ, ಅದಕ್ಕೆ. ಸುದ್ದಿ ಎಲ್ಲ ಕಡೆ ಹರಡ್ತು. ಆಮೇಲೆ ಗೊತ್ತಾಯ್ತು, ಅವರು ಬಿಚ್ಚಿದ್ದು ನಕಲಿ! ಸರಿ ಅಂತ ಅಸಲಿಯನ್ನ ತಂದು ಬಿಚ್ಚಿದ್ರು. ಅದರಲ್ಲೂ ಲೋಹದ ತುಂಡು ಇದ್ವು. ವಸ್ತು ಬಿಚ್ಚೋದೇ ಕಸುಬಾಗಿರೋ ಎಂಜಿನಿಯರಿಗೇ ಮೊದಲ ನೋಟಕ್ಕೆ ವ್ಯತ್ಯಾಸ ಗೊತ್ತಾಗದ ಹಾಗೆ ನಕಲಿ ಬಂದಿದೆ. ನಕಲು ಮಾಡಿದೋರು ಆ ತೂಕವನ್ನೂ ಬಿಡಲಿಲ್ಲ. ಕೊಳ್ಳೋರು ಏನನ್ನ ನೋಡಿ ನಂಬ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿದೆ.

ಹಾಗಾದ್ರೆ ನಕಲಿ ಕೊಂಡ್ರೆ ಏನು ತಪ್ಪು?

ಇಷ್ಟು ಕೇಳಿದ ಮೇಲೆ ಈ ಪ್ರಶ್ನೆ ಬರಲೇಬೇಕು. ಹೆಸರೇ ಪೊಳ್ಳು ಅಂದ್ಮೇಲೆ ಐನೂರರದ್ದೇ ಜಾಣತನ ಅಲ್ವಾ?

ನನ್ನ ಉತ್ತರ: ಅಲ್ಲ. ಯಾಕಂದ್ರೆ ನಕಲಿಯಲ್ಲಿ ದುಡ್ಡು ಹೋಗೋದೇ ಹೆಸರಿಗೆ. ಐನೂರು ರೂಪಾಯಿಯಲ್ಲಿ ಆಕಾರಕ್ಕೆ, ಡಬ್ಬಕ್ಕೆ, ಲೋಗೊಗೆ ಖರ್ಚಾದ ಮೇಲೆ ಸದ್ದಿಗೆ ಉಳಿಯೋದು ಎಷ್ಟು? ಅದೇ ದುಡ್ಡಿಗೆ ತನ್ನದೇ ಹೆಸರು ಹಾಕ್ಕೊಂಡು ಮಾರೋ ಸಣ್ಣ ಕಂಪನಿ ‘ಕೆಟ್ಟದಾಗಿದ್ರೆ ನನ್ನ ಹೆಸರು ಹೋಗುತ್ತೆ’ ಅಂತ ಹೆದರಬೇಕು. ನಕಲಿ ಮಾಡೋರಿಗೆ ಆ ಭಯ ಇಲ್ಲ, ಹೋಗೋದು ಇನ್ನೊಬ್ಬರ ಹೆಸರು. ಮಾರ್ಕು ಅನ್ನೋದು ಹುಟ್ಟಿದ್ದೇ ಭರವಸೆಯಾಗಿ ಅಂದ್ನಲ್ಲ, ನಕಲಿಯಲ್ಲಿ ಆ ಭರವಸೆಯೇ ಇರಲ್ಲ.

ಫೋನಿಗೆ ಜೋಡಿಸಿದಾಗ ಪರದೆ ಮೇಲೆ ದೊಡ್ಡ ಕಂಪನಿಯ ಹೆಸರೇ ಬಂತು, ಆದ್ದರಿಂದ ಅಸಲಿ ಅಂತ ಕೆಲವರು ವಾದ ಮಾಡ್ತಾರೆ. ಬ್ಲೂಟೂತ್‌ನಲ್ಲಿ ಕಾಣೋ ಹೆಸರು, ಮಾಡಿದೋರು ಟೈಪ್ ಮಾಡಿಟ್ಟ ಅಕ್ಷರ ಅಷ್ಟೇ. ಅದೂ ಒಂದು ಲೇಬಲ್ಲು. ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ನೀವು ಸಿನಿಮಾ ಹೀರೊ ಹೆಸರಿಡೋ ಹಾಗೆ.

ಇನ್ನು ಬ್ಯಾಟರಿ. ಕಿವಿಯೊಳಗೆ ಲಿಥಿಯಂ ಬ್ಯಾಟರಿ ಇಟ್ಕೊಂಡು ಓಡಾಡ್ತಿದೀವಿ. ಅದಕ್ಕೇ ವೈರ್‌ಲೆಸ್ ಹೆಡ್‌ಫೋನ್, ಇಯರ್‌ಫೋನ್‌ಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ ಮಾಡಿದ್ದಾರೆ. ಅಸಲಿ ಡಬ್ಬದ ಮೇಲೆ ‘ಆರ್’ ಅಕ್ಷರದಿಂದ ಶುರುವಾಗೋ ಒಂದು ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದ್ರೆ ಯಾರ ಹೆಸರಿನಲ್ಲಿ ನೋಂದಣಿ ಆಗಿದೆ ಅಂತ ತೋರಿಸುತ್ತೆ. ಡಬ್ಬದ ಹೆಸರಿಗೂ ಆ್ಯಪ್‌ನಲ್ಲಿ ಬಂದ ಹೆಸರಿಗೂ ತಾಳೆ ಆಗದಿದ್ರೆ ಅಲ್ಲೇ ಗೊತ್ತಾಯ್ತು. ಮಾರೋರಿಗೂ ಒಂದು ಮಾತು: ನಕಲಿ ಟ್ರೇಡ್‌ಮಾರ್ಕ್ ಮಾಲು ಮಾರಿದ್ರೆ 1999ರ ಕಾಯ್ದೆಯಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ.

ಎಲ್ಲಕ್ಕಿಂತ ದೊಡ್ಡ ನಷ್ಟ ಕಿವಿಯದ್ದು. ಕಿವಿಗೆ ಸರಿಯಾಗಿ ಕೂರದ ಬಡ್ಡು ಹೊರಗಿನ ಸದ್ದನ್ನ ತಡೆಯಲ್ಲ. ಬಸ್ಸಿನ ಎಂಜಿನ್ ಗದ್ದಲ ಮೀರಿ ಹಾಡು ಕೇಳಬೇಕು ಅಂದ್ರೆ ವಾಲ್ಯೂಮ್ ಏರಿಸ್ತೀವಿ. ಬೇಸ್ ಸಾಲಲ್ಲ ಅಂತ ಇನ್ನೂ ಏರಿಸ್ತೀವಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ 80 ಡೆಸಿಬಲ್, ವಾರಕ್ಕೆ 40 ಗಂಟೆ. ಸದ್ದು ಏರಿದಷ್ಟೂ ಆ ಗಂಟೆಗಳು ಬೇಗ ಬೇಗ ಕಮ್ಮಿ ಆಗ್ತವೆ. ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಯುವಜನರ ಕಿವಿಗೆ ಹೀಗೆ ಅಪಾಯ ಇದೆ ಅಂತ ಅದೇ ಸಂಸ್ಥೆ ಹೇಳುತ್ತೆ. ಹೋದ ಕಿವಿಗೆ ಫಸ್ಟ್ ಕಾಪಿ ಸಿಗಲ್ಲ. ಅಸಲಿ ಬ್ರ್ಯಾಂಡ್ ಹಾಕ್ಕೊಂಡು ಜೋರಾಗಿ ಕೇಳಿದ್ರೂ ಕಿವಿ ಹೋಗುತ್ತೆ, ಅದನ್ನೂ ಮರೀಬೇಡಿ.

ಒರೆಗಲ್ಲು ನಿಮ್ಮ ಹತ್ರಾನೇ ಇದೆ

ಹಾಗಾದ್ರೆ ಕೊಳ್ಳೋದು ಹೇಗೆ? ಅಂಗಡಿಯಲ್ಲಿ, ಇಲ್ಲಾಂದ್ರೆ ಗೆಳೆಯರ ಮಧ್ಯೆ, ಟೂಲ್ ಮತ್ತು ಆಲಿವ್ ಮಾಡಿದ ಪರೀಕ್ಷೆಯನ್ನ ನೀವೂ ಮಾಡಬಹುದು. ಖರ್ಚು ಒಂದು ಟವೆಲ್ಲು. ಕಣ್ಣಿಗೆ ಕಟ್ಕೊಳ್ಳಿ. ಮೂರು ನಾಲ್ಕು ಬಗೆಯ ಬಡ್ಡುಗಳನ್ನ ಗೆಳೆಯರೊಬ್ಬರು ಒಂದೊಂದಾಗಿ ನಿಮ್ಮ ಕೈಗೆ ಕೊಡಲಿ. ಆಕಾರ ಕೈಗೆ ಗೊತ್ತಾಗೋದಾದ್ರೆ ಅವರೇ ಕಿವಿಗೆ ಇಡಲಿ. ಒಂದು ಎಚ್ಚರ: ಎಲ್ಲದರ ವಾಲ್ಯೂಮ್ ಒಂದೇ ಸಮ ಇರಬೇಕು. ಸ್ವಲ್ಪ ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅಂತ ನಮ್ಮ ಕಿವಿ ಮೋಸ ಹೋಗುತ್ತೆ.

ಚೆನ್ನಾಗಿ ಗೊತ್ತಿರೋ ಹಾಡನ್ನೇ ಹಾಕಿ. ತಮಟೆಯ ಏಟು ಬಿಡಿಬಿಡಿಯಾಗಿ ಕೇಳುತ್ತಾ, ಒಂದಕ್ಕೊಂದು ಮೆತ್ತಿಕೊಳ್ಳುತ್ತಾ? ಡೊಳ್ಳಿನ ಸದ್ದಿನಡಿ ಹಾಡುಗಾರರ ಉಚ್ಚಾರ ಮುಚ್ಚಿಹೋಗುತ್ತಾ? ‘ಶ’, ‘ಸ’ ಅಕ್ಷರಗಳು ಕಿವಿಗೆ ಚುಚ್ಚುತ್ತಾ? ಅರ್ಧ ಗಂಟೆ ಕೇಳಿದ ಮೇಲೆ ಕಿವಿ ನೋಯುತ್ತಾ? ನಾಲ್ಕೂ ಪ್ರಶ್ನೆಗೆ ಅಂಕ ಬರ್ಕೊಳ್ಳಿ. ಆಮೇಲೆ ಟವೆಲ್ ಬಿಚ್ಚಿ ಹೆಸರು ನೋಡಿ. ದುಬಾರಿಯದ್ದೇ ಗೆಲ್ಲಬಹುದು, ಗೆದ್ರೆ ಅದರ ದುಡ್ಡು ಸಾರ್ಥಕ. ಯಾರೂ ಕೇಳದ ಹೆಸರಿನದೂ ಗೆಲ್ಲಬಹುದು. ಯಾವುದೇ ಗೆದ್ರೂ, ಅದನ್ನ ಗೆಲ್ಲಿಸಿದ್ದು ನಿಮ್ಮ ಕಿವಿ.

ಹೆಸರು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಪುಟ್ಟ ರೇಡಿಯೊ ಕೇಂದ್ರ ಶುರು ಮಾಡಿದ್ರು. ಅದಕ್ಕಿಟ್ಟ ‘ಆಕಾಶವಾಣಿ’ ಅನ್ನೋ ಹೆಸರು ಆಮೇಲೆ ಇಡೀ ದೇಶದ ರೇಡಿಯೊಗೆ ಹೆಸರಾಯ್ತು. ಮೊದಲು ದನಿ ಬಂತು, ಅದರ ಹಿಂದೆ ಹೆಸರು ನಡೆದು ಬಂತು. ಆ ಸಾಲು ತಿರುಗಿ, ಹೆಸರು ಮುಂದೆ ಬಂದು ದನಿ ಹಿಂದೆ ಬಿದ್ದಾಗಲೇ ತೊಂದರೆ.

ಕಾಲೇಜಿನಲ್ಲಿ ನಿಮ್ಮ ಪಕ್ಕ ಕೂತೋರ ಕಿವಿಯಲ್ಲಿ ಹೆಸರಿಲ್ಲದ, ಅಗ್ಗದ ಬಡ್ಡು ಕಂಡ್ರೆ ಬ್ರ್ಯಾಂಡ್ ಕೇಳಬೇಡಿ. ‘ಏನ್ ಕೇಳ್ತಿದೀಯ, ನಂಗೂ ಒಂದು ಕಿವಿ ಕೊಡು’ ಅಂತ ಕೇಳಿ. ಆ ಪ್ರಶ್ನೆ ಜಾಸ್ತಿ ಆದಷ್ಟೂ ಫಸ್ಟ್ ಕಾಪಿಗೆ ಗಿರಾಕಿ ಕಮ್ಮಿ ಆಗ್ತಾರೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿವರೆಗೆ ವಾಲ್ಯೂಮ್ ಸ್ವಲ್ಪ ಇಳಿಸ್ಕೊಂಡು ಕೇಳ್ತಿರಿ.